ಡಿಸೆಂಬರ್ ಪಟ್ಟಿಯ ಮೊದಲ ಸಾಲು ಯೇಸುವಿಗಿರಲಿ: ದಾವಣಗೆರೆ, ಚಿತ್ರದುರ್ಗದ ಕ್ರಿಸ್‌ಮಸ್ ಸಮಿತಿಗಳಿಗೆ ಬಹಿರಂಗ ಪತ್ರ

ಮಾನ್ಯ ಗುರುಗಳಿಗೆ, ಸಭಾಪಾಲಕರಿಗೆ, ಕ್ರಿಸ್‌ಮಸ್ ಸಮಿತಿಯ ಹಿರಿಯರಿಗೆ, ಯುವಜನ ಸಂಘದ ತಮ್ಮ ತಂಗಿಯರಿಗೆ, ಮನೆ ನಡೆಸುವ ತಾಯಿ ತಂದೆಯರಿಗೆ,

ಕ್ರಿಸ್ತನಲ್ಲಿ ವಂದನೆಗಳು.

ದಾವಣಗೆರೆ, ಹರಿಹರ, ಚಿತ್ರದುರ್ಗ, ಹಿರಿಯೂರು, ಚಳ್ಳಕೆರೆ, ಊರು ಯಾವುದಾದರೂ ಇರಲಿ, ಕ್ರಿಸ್‌ಮಸ್ ಸಮಿತಿ ಕೂತಾಗ ಹಾಳೆಯ ಮೇಲೆ ಮೊದಲು ಬೀಳುವ ಮಾತು ಶಾಮಿಯಾನ, ಸೌಂಡು, ಸೀರಿಯಲ್ ಸೆಟ್ಟು, ಸ್ಟೇಜು. ಆಮೇಲೆ ಸಾಂಟಾ ವೇಷ ಯಾರು ಹಾಕುತ್ತಾರೆ, ಕೇಕ್ ಎಷ್ಟು ಕೆ.ಜಿ., ಅತಿಥಿಗಳಿಗೆ ಶಾಲು ಎಷ್ಟು. ಬೈಬಲ್ ವಾಕ್ಯ ಓದುವವರ ಹೆಸರು ಬರೆಯುವುದು 24ರ ಸಂಜೆ, ಅದೂ ಪೂಜೆ ಶುರುವಾಗಲು ಹತ್ತು ನಿಮಿಷ ಇರುವಾಗ. ಇದು ಭಕ್ತಿಯಿಲ್ಲದವರ ಕೆಲಸವಲ್ಲ. ಶಾಮಿಯಾನದ ಕಂಬ ನೆಟ್ಟ ಹುಡುಗನೇ ಗೋದಲಿಯ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ದೃಶ್ಯದ, ಮುಂದೆ ಮಂಡಿಯೂರುವವನೂ ಹೌದು. ಆದರೆ ಅವನಿಗೆ ಮಂಡಿಯೂರಲು ಬಿಡುವು ಸಿಗುವುದು ಎಲ್ಲ ಮುಗಿದ ಮೇಲೆ, ಕಣ್ಣು ಎಳೆಯುವ ಹೊತ್ತಿನಲ್ಲಿ.

ನಾವು ಹೇಳಬೇಕಾದದ್ದು ಒಂದೇ. ಹಬ್ಬದಲ್ಲಿ ಕ್ರಿಸ್ತ ಹಿಂದಿನ ಸಾಲಿಗೆ ಸರಿಯುವುದು ವಿಶ್ವಾಸ ಕುಗ್ಗಿದ್ದರಿಂದಲ್ಲ, ಕ್ಯಾಲೆಂಡರ್ ತಲೆಕೆಳಗಾದದ್ದರಿಂದ. ಕಾಯಬೇಕಾದ ನಾಲ್ಕು ವಾರದಲ್ಲಿ ಹಬ್ಬ ಮಾಡಿ ಮುಗಿಸುತ್ತೇವೆ. ಡಿಸೆಂಬರ್ 25ರಿಂದ ಹಬ್ಬ ಮಾಡಬೇಕಾದ ಹನ್ನೆರಡು ದಿನ ಸುಸ್ತಾಗಿ ಮಲಗುತ್ತೇವೆ. ಇದನ್ನು ಸರಿಪಡಿಸಲು ಹೊಸ ಹಣ ಬೇಡ, ಹೊಸ ಸಂಘ ಬೇಡ. ಮಾಡುವ ಕೆಲಸಗಳನ್ನೇ ಹಿಂದೆ ಮುಂದೆ ಮಾಡಿದರೆ ಸಾಕು.

ಆಗಮನ ಕಾಲ, ಅಂದರೆ ಅಡ್ವೆಂಟ್, ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳ ಕಾಲ. ಮೊದಲ ಭಾನುವಾರ ಯಾವಾಗಲೂ ನವೆಂಬರ್ 27ರಿಂದ ಡಿಸೆಂಬರ್ 3ರ ಒಳಗೆ ಬರುತ್ತದೆ. 2026ರಲ್ಲಿ ಆ ಭಾನುವಾರಗಳು ನವೆಂಬರ್ 29, ಡಿಸೆಂಬರ್ 6, 13 ಮತ್ತು 20. ಹಬ್ಬ ಶುಕ್ರವಾರ. ಒಟ್ಟು 26 ದಿನ ಕೈಗೆ ಸಿಗುತ್ತದೆ. ಪ್ರತಿ ವರ್ಷ ಇಷ್ಟು ಸಿಗುವುದಿಲ್ಲ. 2023ರಲ್ಲಿ ಹಬ್ಬ ಸೋಮವಾರ ಬಂದಿತ್ತು, ನಾಲ್ಕನೆಯ ಭಾನುವಾರವೇ 24ನೇ ತಾರೀಖು. ಬೆಳಿಗ್ಗೆ ನಾಲ್ಕನೆಯ ಮೇಣದಬತ್ತಿ, ರಾತ್ರಿ ಹಬ್ಬದ ಪೂಜೆ. ಅಂಥ ವರ್ಷ ಆಗಮನ ಕಾಲ 22 ದಿನಕ್ಕೆ ಇಳಿದು, ಕೊನೆಯ ವಾರಕ್ಕೆಂದು ಇಟ್ಟುಕೊಂಡ ಕೆಲಸಗಳೆಲ್ಲ ಒಂದರ ಮೇಲೊಂದು ಬೀಳುತ್ತವೆ. ಆದ್ದರಿಂದ ಮೊದಲು ಕ್ಯಾಲೆಂಡರ್ ನೋಡಿ, ಆಮೇಲೆ ಶಾಮಿಯಾನದವರಿಗೆ ಫೋನ್ ಮಾಡಿ.

ಮನೆಯಿಂದಲೇ ಶುರು ಮಾಡೋಣ. ಅಡ್ವೆಂಟ್ ರೀತ್ ಎನ್ನುವ ಹಸಿರು ಸಿಂಬೆಯನ್ನು ಈಗ ಹಲವು ದೇವಾಲಯಗಳಲ್ಲಿ ಇಡುತ್ತಾರೆ, ಮನೆಗಳಲ್ಲಿ ಕಡಿಮೆ. ಇದು ಹುಟ್ಟಿದ್ದೇ ಮಕ್ಕಳಿಗಾಗಿ. 1839ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಬಡ ಮಕ್ಕಳ ಆಶ್ರಮ ನಡೆಸುತ್ತಿದ್ದ ಪಾದ್ರಿ ಯೋಹಾನ್ ವಿಕರ್ನ್, ಹಬ್ಬ ಯಾವಾಗ ಎಂದು ದಿನಾ ಕೇಳುವ ಮಕ್ಕಳಿಗೆ ಒಂದು ಹಳೆಯ ಗಾಡಿ ಚಕ್ರದ ಮೇಲೆ ಭಾನುವಾರಕ್ಕೊಂದು ದೊಡ್ಡ ಮೇಣದಬತ್ತಿ, ವಾರದ ದಿನಗಳಿಗೆ ಒಂದೊಂದು ಚಿಕ್ಕದು ನಿಲ್ಲಿಸಿ ಹಚ್ಚಿಸಿದರು. ಗಾಡಿ ಚಕ್ರ ನಮ್ಮ ಕಡೆಗೆ ಅಪರಿಚಿತ ವಸ್ತುವೇನಲ್ಲ.

ಮಾಡುವುದು ಸುಲಭ. ಹದಿನಾರು ಅಂಗುಲದ ಸ್ಟೀಲ್ ತಟ್ಟೆಯಲ್ಲಿ ಒದ್ದೆ ಮರಳು ಹರಡಿ. ನಾಲ್ಕು ಚಿಕ್ಕ ಸ್ಟೀಲ್ ಲೋಟಗಳಲ್ಲೂ ಮರಳು ತುಂಬಿ ಸುತ್ತಲೂ ಇಡಿ, ಮೇಣದಬತ್ತಿ ಲೋಟದೊಳಗೆ ನಿಲ್ಲಲಿ. ಸುತ್ತ ಸರ್ವೆ ಮರದ ಸೊಪ್ಪು ಜೋಡಿಸಿ. ತಪ್ಪು ಆಗುವುದು ಇಲ್ಲೇ: ಸರ್ವೆ ಸೊಪ್ಪು ನಮ್ಮ ಡಿಸೆಂಬರ್‌ನ ಒಣಗಾಳಿಗೆ ಐದಾರು ದಿನದಲ್ಲಿ ಗರಿಗರಿಯಾಗುತ್ತದೆ, ಕಿಡಿ ತಗುಲಿದರೆ ಭಗ್ಗನೆ ಹತ್ತಿಕೊಳ್ಳುತ್ತದೆ. ಪ್ರತಿ ಶನಿವಾರ ಸೊಪ್ಪು ಬದಲಿಸಿ, ಜ್ವಾಲೆಗೂ ಸೊಪ್ಪಿಗೂ ನಾಲ್ಕು ಬೆರಳು ಅಂತರ ಇರಲಿ. ಫ್ಯಾನ್ ಕೆಳಗೆ ಇಡಬೇಡಿ, ಮೇಣ ಒಂದೇ ಕಡೆ ಕರಗಿ ಬತ್ತಿ ವಾಲುತ್ತದೆ.

ಮೇಣದಬತ್ತಿಯ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಿ. ದಿನಕ್ಕೆ ಹದಿನೈದು ನಿಮಿಷ ಉರಿಸಿದರೆ 2026ರಲ್ಲಿ ಮೊದಲನೆಯದು ಆರೂವರೆ ಗಂಟೆ ಉರಿಯಬೇಕು, ಎರಡನೆಯದು ನಾಲ್ಕೂ ಮುಕ್ಕಾಲು, ಮೂರನೆಯದು ಮೂರು, ನಾಲ್ಕನೆಯದು ಒಂದೂ ಕಾಲು ಗಂಟೆ. ಕರೆಂಟ್ ಹೋದಾಗ ಹಚ್ಚುವ ಸಣ್ಣ ಬತ್ತಿ ಎರಡನೆಯ ವಾರ ಕಾಣುವುದಿಲ್ಲ. ಮೊದಲ ಎರಡಕ್ಕೆ ಎರಡು ಅಂಗುಲ ದಪ್ಪದ್ದು ತನ್ನಿ, ಉಳಿದೆರಡಕ್ಕೆ ತೆಳ್ಳಗಿದ್ದರೂ ನಡೆಯುತ್ತದೆ. ರೂಢಿಯಲ್ಲಿ ಮೂರು ನೇರಳೆ, ಮೂರನೆಯ ಭಾನುವಾರಕ್ಕೆ ಗುಲಾಬಿ, ನಡುವೆ ಹಬ್ಬದ ರಾತ್ರಿ ಹಚ್ಚಲು ಒಂದು ಬಿಳಿ. ಬಣ್ಣದ್ದು ಸಿಗದಿದ್ದರೆ ಬಿಳಿಯದನ್ನೇ ಇಟ್ಟು ಲೋಟದ ಸುತ್ತ ನೇರಳೆ ಟೇಪು ಕಟ್ಟಿ. ಮೇಣದಬತ್ತಿಗೇ ಕಟ್ಟಿದರೆ ಕರಗಿ ಇಳಿದಾಗ ಟೇಪಿಗೆ ಬೆಂಕಿ. ನಾಲ್ಕು ಹಣತೆ ಇಟ್ಟರೂ ತಪ್ಪಿಲ್ಲ. ಎಣ್ಣೆ ಹಾಕುವ ಕೆಲಸ ದಿನಕ್ಕೊಂದು ಮಗುವಿಗೆ ಕೊಡಿ.

ಬತ್ತಿ ಹಚ್ಚಿದ ಮೇಲೆ ಓದು. ಓದಿಲ್ಲದ ರೀತ್ ಬರೀ ಅಲಂಕಾರ. ಊಟ ಮುಗಿದು ಟಿ.ವಿ. ಹಚ್ಚುವ ಮೊದಲಿನ ಹದಿನೈದು ನಿಮಿಷ ಇದಕ್ಕೆ ಇರಲಿ. ಒಬ್ಬರು ಹಚ್ಚಿ, ಒಬ್ಬರು ಎಂಟು ಹತ್ತು ವಚನ ಓದಿ, ಒಂದು ನಿಮಿಷ ಸುಮ್ಮನಿದ್ದು, ಒಂದು ಚರಣ ಹಾಡಿ, ಒಬ್ಬ ವ್ಯಕ್ತಿಯ ಹೆಸರು ಹೇಳಿ ಪ್ರಾರ್ಥಿಸಿ. ಲೂಕನ ಶುಭಸಂದೇಶದಲ್ಲಿ 24 ಅಧ್ಯಾಯ ಇರುವುದರಿಂದ ಡಿಸೆಂಬರ್ 1ರಿಂದ ದಿನಕ್ಕೊಂದು ಓದಿದರೆ ಹಬ್ಬದ ಹಿಂದಿನ ದಿನ ಮುಗಿಯುತ್ತದೆ ಎಂದು ಹಲವರು ಹೊರಡುತ್ತಾರೆ. ದೊಡ್ಡವರಿಗೆ ಒಳ್ಳೆಯ ಕ್ರಮ. ಆದರೆ ಮೊದಲ ಅಧ್ಯಾಯದಲ್ಲೇ 80 ವಚನಗಳಿವೆ. ಗಟ್ಟಿಯಾಗಿ ಓದಲು ಹತ್ತು ನಿಮಿಷದ ಮೇಲೆ ಬೇಕು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಮೊದಲ ರಾತ್ರಿಯೇ ಒಬ್ಬ ನಿದ್ದೆ ಹೋಗುತ್ತಾನೆ, ಮೂರನೆಯ ರಾತ್ರಿ ಪುಸ್ತಕ ಮುಚ್ಚುತ್ತದೆ.

ಅಂಥ ಮನೆಗಳಿಗೆ ಹೀಗೆ ಮಾಡಿ. ಮೊದಲ ವಾರ ಪ್ರವಾದಿ ಯೆಶಾಯನ 2, 9 ಮತ್ತು 11ನೆಯ ಅಧ್ಯಾಯಗಳ ಮೊದಲ ಭಾಗ: ಕತ್ತಲಲ್ಲಿ ನಡೆದವರು ಕಂಡ ಬೆಳಕು, ದಾವೀದನ ತಂದೆ ಇಷಯನ ಬುಡದಿಂದ ಒಡೆದ ಚಿಗುರು. ಎರಡನೆಯ ವಾರ ಯೆಶಾಯ 40 ಮತ್ತು ಲೂಕ 3: ಅಡವಿಯಲ್ಲಿ ದಾರಿ ಮಾಡಿ ಎನ್ನುವ ಕೂಗು, ಸ್ನಾನಿಕ ಯೋಹಾನ. ಮೂರನೆಯ ವಾರ ಚೆಫನ್ಯ 3ರ ಕೊನೆಯ ಭಾಗ, ಯೆಶಾಯ 35, ಜಕರೀಯ ಮೂಕನಾದ ಕಥೆ. ನಾಲ್ಕನೆಯ ವಾರ ಗಬ್ರಿಯೇಲ ಮರಿಯಳಲ್ಲಿಗೆ ಬಂದದ್ದು, ಮರಿಯ ಎಲಿಸಬೇತಳ ಮನೆಗೆ ಹೋದದ್ದು, ಜೋಸೆಫನ ಕನಸು, ಬೇತ್ಲೆಹೇಮಿನ ಬಗ್ಗೆ ಮೀಕನ ಮಾತು. ಒಂದೇ ಭಾಗವನ್ನು ಎರಡು ಮೂರು ರಾತ್ರಿ ಓದಿದರೂ ಸರಿ. ಮಕ್ಕಳು ಎರಡನೆಯ ಸಲ ತಾವೇ ಮುಂದಿನ ಸಾಲು ಹೇಳುತ್ತಾರೆ. ಈ ಮನೆಯ ಓದಿನಲ್ಲಿ 24ರ ರಾತ್ರಿವರೆಗೆ ಲೂಕ 2 ತೆರೆಯಬೇಡಿ. ಕಾಯುವುದು ಏನೆಂದು ಮಗುವಿಗೆ ಗೊತ್ತಾಗುವುದು ಹಾಗೆ.

ಓದು ಫೋನಿನಿಂದ ಬೇಡ, ಪುಸ್ತಕದಿಂದ ಇರಲಿ. ಮೂರನೆಯ ವಚನಕ್ಕೆ ಒಂದು ಮೆಸೇಜ್ ಬಂದರೆ ಓದುವವರ ಕಣ್ಣೂ ಅತ್ತ, ಕೇಳುವವರ ಮನಸ್ಸೂ ಅತ್ತ. ಕನ್ನಡ ಬೈಬಲಿನ ಕೆಲಸ ಸುಮಾರು ಇನ್ನೂರು ವರ್ಷದ ಹಿಂದೆ ನಡೆದದ್ದು ನಮ್ಮ ನೆರೆಯ ಬಳ್ಳಾರಿಯಲ್ಲಿ, ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಅವರ ಸಂಗಡಿಗರಿಂದ. ಇಷ್ಟು ಹತ್ತಿರದಲ್ಲಿ ಕನ್ನಡಕ್ಕೆ ಬಂದ ವಾಕ್ಯವನ್ನು ನಮ್ಮ ಮನೆಗಳಲ್ಲಿ ಗಟ್ಟಿಯಾಗಿ ಓದದಿದ್ದರೆ ನಷ್ಟ ನಮ್ಮದೇ.

ಇನ್ನು ಗೋದಲಿ. ನಮ್ಮ ಹುಡುಗರ ಶ್ರಮ ಅತಿ ಹೆಚ್ಚು ಬೀಳುವುದು ಇಲ್ಲಿ, ಕ್ರಿಸ್ತ ಅತಿ ಬೇಗ ಕಳೆದುಹೋಗುವುದೂ ಇಲ್ಲೇ. ಮೋಟರ್ ಇಟ್ಟ ಜಲಪಾತ, ಸುತ್ತುವ ಗಿರಣಿ, ಥರ್ಮೊಕೋಲ್ ಬೆಟ್ಟ, ಅದರ ಮೇಲೊಂದು ಕೋಟೆ. ನೋಡಲು ಬಂದವರು ಜಲಪಾತದ ಫೋಟೊ ತೆಗೆದುಕೊಂಡು ಹೋಗುತ್ತಾರೆ. ಮಗು ಎಲ್ಲಿ ಮಲಗಿದೆ ಎಂದು ಹುಡುಕಬೇಕು. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಮಾಡಿಸಿದ ಗೋದಲಿಯಲ್ಲಿ ಇದ್ದದ್ದು ಒಂದು ಮೇವಿನ ತೊಟ್ಟಿ, ಒಣಹುಲ್ಲು, ಒಂದು ಎತ್ತು, ಒಂದು ಕತ್ತೆ. ಪ್ರತಿಮೆಗಳೇ ಇರಲಿಲ್ಲ. ಅದರ ಮೇಲೆಯೇ ಬಲಿಪೂಜೆ ಅರ್ಪಿಸಲಾಯಿತು, ಫ್ರಾನ್ಸಿಸರು ಶುಭಸಂದೇಶ ಹಾಡಿ ಬೋಧಿಸಿದರು. ಎತ್ತು ಕತ್ತೆಗಳ ಮಾತು ಲೂಕನಲ್ಲಿಲ್ಲ. ಅದು ಯೆಶಾಯನ ಮೊದಲ ಅಧ್ಯಾಯದ ಮೂರನೆಯ ವಚನದಿಂದ ಬಂದದ್ದು: ಎತ್ತಿಗೆ ತನ್ನ ಯಜಮಾನ ಗೊತ್ತು, ಕತ್ತೆಗೆ ಒಡೆಯನ ಕೊಟ್ಟಿಗೆ ಗೊತ್ತು, ನನ್ನ ಜನಕ್ಕೆ ಗೊತ್ತಿಲ್ಲ ಎನ್ನುವ ದೇವರ ನೋವಿನ ಮಾತು ಅದು. ಗೋದಲಿ ಕಟ್ಟುವ ಹುಡುಗರಿಗೆ ಎತ್ತಿನ ಬೊಂಬೆ ಇಡುವಾಗಲೇ ಇದನ್ನು ಹೇಳಿಕೊಡಬೇಕು.

ಕಟ್ಟುವ ಕ್ರಮ ಹೀಗಿದ್ದರೆ ಒಳ್ಳೆಯದು. ಮಕ್ಕಳ ಕಣ್ಣಿಗೆ ನಿಲುಕುವಂತೆ ನೆಲದಿಂದ ಎರಡೂವರೆ ಅಡಿ ಎತ್ತರದ ಮೇಜು. ಆರು ಅಡಿ ಅಗಲವಿದ್ದರೆ ಮಗುವಿನ ಜಾಗ ಮುಂದಿನ ಸಾಲಿನಲ್ಲೇ ಇರಲಿ, ಬೆಟ್ಟ ಊರು ಎಲ್ಲ ಅದರ ಹಿಂದೆ. ಕೊಟ್ಟಿಗೆಯ ತೊಲೆಯ ಹಿಂದೆ ಕಾಣದಂತೆ ಒಂದು ಐದು ವ್ಯಾಟ್‌ನ ಹಳದಿ ಬೆಳಕಿನ ಎಲ್‌ಇಡಿ ಬಲ್ಬು, ಮಗುವಿನ ಕಡೆಗೆ ತಿರುಗಿಸಿ. ಮಿನುಗುವ ಸೀರಿಯಲ್ ಸೆಟ್ಟು ಮಗುವಿನಿಂದ ದೂರ ಇರಲಿ, ಕಣ್ಣು ಮಿನುಗುವ ಕಡೆಗೇ ಹೋಗುತ್ತದೆ. ಹುಲ್ಲಿಗೆ ದಾವಣಗೆರೆ, ಹರಿಹರ ಕಡೆ ಭದ್ರಾ ನಾಲೆಯ ಗದ್ದೆಗಳ ಭತ್ತದ ಹುಲ್ಲು ಧಾರಾಳ. ಚಿತ್ರದುರ್ಗದ ಕಡೆ ರಾಗಿ ಹುಲ್ಲು, ಶೇಂಗಾ ಹೊಟ್ಟು. ಯಾವುದೇ ಹುಲ್ಲಾದರೂ ಎರಡು ದಿನ ಬಿಸಿಲಿಗೆ ಹಾಕಿ ಒದರಿ, ಇಲ್ಲದಿದ್ದರೆ ನಾಲ್ಕನೆಯ ದಿನಕ್ಕೆ ಮುಗ್ಗಲು ವಾಸನೆ. ವೈರಿನ ಜಾಯಿಂಟ್ ಒಂದೂ ಹುಲ್ಲಿನೊಳಗೆ ಇರಬಾರದು, ಅಡಾಪ್ಟರ್ ಮೇಜಿನ ಕೆಳಗೆ ಬರಿ ನೆಲದ ಮೇಲೆ. ಒಳಗೆ ಮೇಣದಬತ್ತಿ ಬೇಡವೇ ಬೇಡ. ದೇವಾಲಯದ ಬಾಗಿಲು ಹಾಕುವವರೇ ಮೇನ್ ಸ್ವಿಚ್ಚನ್ನೂ ಆರಿಸಲಿ.

ಹಸಿರಿಗೆ ಪ್ಲಾಸ್ಟಿಕ್ ಹುಲ್ಲು ಕೊಳ್ಳುವ ಬದಲು ರಾಗಿ ಬಿತ್ತಿ. ಅಗಲ ತಟ್ಟೆಯಲ್ಲಿ ಒಂದು ಅಂಗುಲ ಮಣ್ಣು, ತೂತು ಇರುವ ತಟ್ಟೆಯಾದರೆ ಇನ್ನೂ ಒಳ್ಳೆಯದು. ಒಂದು ರಾತ್ರಿ ನೆನೆಸಿದ ರಾಗಿಯನ್ನು ಒತ್ತಾಗಿ ಚೆಲ್ಲಿ, ಮೇಲೆ ತೆಳ್ಳಗೆ ಮಣ್ಣು ಉದುರಿಸಿ. ಡಿಸೆಂಬರ್ ಚಳಿಗೆ ಮೊಳಕೆ ನಿಧಾನ, ಆದ್ದರಿಂದ 12ನೇ ತಾರೀಖಿನ ಹೊತ್ತಿಗೆ ಬಿತ್ತಬೇಕು. ಮಗ್ಗಿನಲ್ಲಿ ನೀರು ಸುರಿದರೆ ಬೀಜ ಒಂದು ಮೂಲೆಗೆ ಹೋಗಿ ಕೊಳೆಯುತ್ತದೆ, ಕೈಯಿಂದ ಚಿಮುಕಿಸಿ. ಕತ್ತಲ ಕೋಣೆಯಲ್ಲಿಟ್ಟರೆ ಹಳದಿಯಾಗುತ್ತದೆ. ಸಂಡೇ ಸ್ಕೂಲಿನ ಪ್ರತಿ ಮಗುವೂ ಒಂದು ತೆಂಗಿನ ಚಿಪ್ಪಿನಲ್ಲಿ ಬಿತ್ತಿ 24ರಂದು ತಂದಿಡಲಿ. ಹತ್ತು ದಿನ ನೀರು ಹಾಕಿದ ಮಗು ಆ ಗೋದಲಿಯನ್ನು ಬೇರೆ ರೀತಿ ನೋಡುತ್ತದೆ.

ಬೊಂಬೆಗಳನ್ನು ಒಂದೇ ದಿನ ಇಡಬೇಡಿ. 24ರ ರಾತ್ರಿ ಪೂಜೆಯವರೆಗೆ ಗೋದಲಿ ಖಾಲಿ ಇರಲಿ, ಮಗುವನ್ನು ಆಗ ಮೆರವಣಿಗೆಯಲ್ಲಿ ತಂದು ಮಲಗಿಸಿ. ಮಗುವನ್ನು ಕಾಣಲು ಬಂದ ಮೂಡಣ ದೇಶದ ಜೋಯಿಸರ ಬೊಂಬೆಗಳು ದೇವಾಲಯದ ಇನ್ನೊಂದು ತುದಿಯ ಕಿಟಕಿಯಲ್ಲಿರಲಿ, ದಿನಕ್ಕೆ ಸ್ವಲ್ಪ ಸ್ವಲ್ಪ ಮುಂದೆ ಬಂದು ಜನವರಿ 6ಕ್ಕೆ ತಲುಪಲಿ. ಜೋಯಿಸರು ಎಷ್ಟು ಮಂದಿ ಎಂದು ಮತ್ತಾಯ ಹೇಳಿಲ್ಲ. ಚಿನ್ನ, ಧೂಪ, ರಕ್ತಬೋಳ ಎಂಬ ಮೂರು ಕಾಣಿಕೆಗಳಿಂದ ಮೂವರು ಎಂಬ ರೂಢಿ ಬಂತು. ಅವರು ಬಂದದ್ದು ಮನೆಗೆ, ಕೊಟ್ಟಿಗೆಗಲ್ಲ. ಅರಸ ಹೆರೋದ ಎರಡು ವರ್ಷದೊಳಗಿನ ಮಕ್ಕಳನ್ನು ಕೊಲ್ಲಿಸಿದ ಲೆಕ್ಕ ನೋಡಿದರೆ ಹುಟ್ಟಿದ ರಾತ್ರಿಯೇ ಬಂದವರಂತೂ ಅಲ್ಲ. ಗೋದಲಿ ಸ್ಪರ್ಧೆ ಇಡುವುದಾದರೆ ನೂರರಲ್ಲಿ ನಲವತ್ತು ಅಂಕ ಶುಭಸಂದೇಶದ ಕಥೆ ಸರಿಯಾಗಿ ಕಾಣುತ್ತದೆಯೇ ಎಂಬುದಕ್ಕೆ, ಇಪ್ಪತ್ತು ಆ ಮನೆಯ ಮಗು ಅದನ್ನು ವಿವರಿಸುವುದಕ್ಕೆ ಕೊಡಿ. ಉಳಿದದ್ದು ಕೈಕೆಲಸಕ್ಕೆ, ಊರಿನ ಸಾಮಾನು ಬಳಸಿದ್ದಕ್ಕೆ. ಅಂಕಪಟ್ಟಿ ಬದಲಾದರೆ ಮುಂದಿನ ವರ್ಷದ ಗೋದಲಿ ತಾನೇ ಬದಲಾಗುತ್ತದೆ.

ಕುರಿಗಾಹಿಗಳ ವಿಷಯಕ್ಕೆ ಬಂದರೆ, ನಮ್ಮ ಸೀಮೆಯವರಿಗೆ ಬೇರೆಯವರಿಗಿಲ್ಲದ ಒಂದು ಭಾಗ್ಯ ಇದೆ. ಲೂಕನ ಎರಡನೆಯ ಅಧ್ಯಾಯದಲ್ಲಿ ರಾತ್ರಿ ಹೊಲದಲ್ಲಿ ಕುರಿ ಕಾಯುತ್ತಿದ್ದವರನ್ನು ಅರ್ಥ ಮಾಡಿಕೊಳ್ಳಲು ಬೇರೆ ಊರಿನವರು ಚಿತ್ರ ನೋಡಬೇಕು. ಚಳ್ಳಕೆರೆ, ಮೊಳಕಾಲ್ಮೂರು, ಹಿರಿಯೂರು ಕಡೆಯವರು ಸುಗ್ಗಿ ಮುಗಿದ ಹೊಲದಲ್ಲಿ ಗೊಬ್ಬರಕ್ಕೆಂದು ಮಂದೆ ನಿಲ್ಲಿಸಿದ್ದನ್ನು ಕಂಡೇ ಇರುತ್ತಾರೆ: ಸುತ್ತ ಬಲೆ, ಒಂದೆರಡು ನಾಯಿ, ತಲೆಯ ಮೇಲಿಂದ ಕಂಬಳಿ ಕೊಪ್ಪೆ, ತೋಳಕ್ಕೂ ಕಳ್ಳರಿಗೂ ಹೆದರಿ ಸರದಿಯ ಮೇಲೆ ಎಚ್ಚರ. ದೇವದೂತ ಮೊದಲು ಬಂದದ್ದು ಇಂಥವರ ಹತ್ತಿರ. ಅರಮನೆಗೂ ಅಲ್ಲ, ದೇವಾಲಯಕ್ಕೂ ಅಲ್ಲ. ಊರಿನ ಜನಗಣತಿಯ ಗಡಿಬಿಡಿಯ ಹೊರಗೆ, ಚಳಿಯಲ್ಲಿ, ಬೇರೆಯವರ ಹೊಲದಲ್ಲಿ ರಾತ್ರಿ ಕಳೆಯುವವರ ಹತ್ತಿರ. ಪ್ರಸಂಗ ಮಾಡುವವರು ಯುರೋಪಿನ ಹಿಮದ ಬದಲು ಈ ಚಿತ್ರ ಹಿಡಿದರೆ ಹಿಂದಿನ ಬೆಂಚಿನವರೆಗೂ ಮುಟ್ಟುತ್ತದೆ. ಗೋದಲಿಯ ಮೇಲೆ ಹತ್ತಿಯ ಹಿಮ ಉದುರಿಸುವುದನ್ನೂ ಬಿಟ್ಟುಬಿಡಿ. ನಾಟಕದಲ್ಲಿ ಮಕ್ಕಳಿಗೆ ಟರ್ಕಿ ಟವಲ್ ಸುತ್ತುವ ಬದಲು ನಿಜವಾದ ಕಂಬಳಿ ಹೊದಿಸಿ, ಚಳ್ಳಕೆರೆಯ ಕಂಬಳಿಗೆ ಹೆಸರಿದೆ.

ನಾಟಕದ ಬಗ್ಗೆ ಇಷ್ಟು. ಗಬ್ರಿಯೇಲನ ಸಂದೇಶ (ಲೂಕ 1:26–38), ಜೋಸೆಫನ ಕನಸು (ಮತ್ತಾಯ 1:18–25), ಜನನ ಮತ್ತು ಕುರಿಗಾಹಿಗಳು (ಲೂಕ 2:1–20), ಜೋಯಿಸರು (ಮತ್ತಾಯ 2:1–12), ಎಲ್ಲ ಸೇರಿ 53 ವಚನ. ನಿಧಾನವಾಗಿ ಓದಿದರೂ ಹತ್ತು ನಿಮಿಷ. ಇದರ ಮೇಲೆ ಇಪ್ಪತ್ತೈದು ನಿಮಿಷದ ನಾಟಕ ಕಟ್ಟಬಹುದು. ಹಾಳಾಗುವುದು ಹೆರೋದನಿಂದ. ಕೂಗಾಡುವ ಪಾತ್ರ, ಚಪ್ಪಾಳೆ ಬೀಳುತ್ತದೆ, ಹುಡುಗ ಮಾತು ಬೆಳೆಸುತ್ತಾನೆ, ಕೊನೆಗೆ ಮಗುವಿನ ದೃಶ್ಯಕ್ಕೆ ಎರಡು ನಿಮಿಷ ಉಳಿಯುತ್ತದೆ. ಹೆರೋದನಿಗೆ ಮೂರು ಮಾತಿಗಿಂತ ಹೆಚ್ಚು ಬೇಡ. ಛತ್ರದ ಯಜಮಾನ ಎಂಬ ಪಾತ್ರ ಲೂಕನಲ್ಲಿಲ್ಲ, ಅವನ ಹಾಸ್ಯವನ್ನೂ ಕಡಿಮೆ ಮಾಡಿ. ದೇವದೂತನ ಮಾತುಗಳನ್ನು ಬೈಬಲಿನಲ್ಲಿರುವ ಹಾಗೆಯೇ ಇಡಿ, ಪಾತ್ರವಿಲ್ಲದ ಮಕ್ಕಳೂ ಅದನ್ನು ಬಾಯಿಪಾಠ ಮಾಡಿ ಒಟ್ಟಿಗೆ ಹೇಳಲಿ.

ಕ್ಯಾರಲ್ಸ್. ಟೆಂಪೊ, ಡ್ರಮ್ಮು, ಒಂದು ರಾತ್ರಿಗೆ ಮೂವತ್ತು ಮನೆ, ಪ್ರತಿ ಮನೆಯಲ್ಲಿ ಅರ್ಧ ಹಾಡು ಮತ್ತು ಕಾಣಿಕೆ ಡಬ್ಬಿ. ಹನ್ನೊಂದು ಗಂಟೆಗೆ ಬಾಗಿಲು ತೆರೆದ ಅಜ್ಜಿಗೆ ಯಾರು ಬಂದರು, ಯಾಕೆ ಬಂದರು ಎಂದು ತಿಳಿಯುವುದರೊಳಗೆ ಟೆಂಪೊ ಹೊರಟಿರುತ್ತದೆ. ರಾತ್ರಿಗೆ ಹನ್ನೆರಡು ಮನೆ ಸಾಕು. ಒಂದು ಮನೆಗೆ ಹತ್ತು ನಿಮಿಷ, ನಡಿಗೆಗೆ ಐದು, ಆರೂವರೆಗೆ ಹೊರಟರೆ ಒಂಬತ್ತೂವರೆಗೆ ಮುಗಿಯುತ್ತದೆ. ಕಾಯಿಲೆಯವರ, ವಯಸ್ಸಾದವರ ಮನೆ ಮೊದಲು. ಪ್ರತಿ ಮನೆಯಲ್ಲಿ ಒಂದೇ ಹಾಡು, ಎಲ್ಲ ಚರಣ. ಲೂಕ 2:8–14, ಏಳು ವಚನ, ಒಂದು ನಿಮಿಷದ ಓದು. ಆ ಮನೆಯವರ ಹೆಸರು ಹಿಡಿದು ಪ್ರಾರ್ಥನೆ. ಕಾಣಿಕೆ ಯಾವುದಕ್ಕೆ ಎಂದು ಹಾಡುವ ಮೊದಲೇ ಹೇಳಿ. ಸ್ಕೇಲ್ ತಗ್ಗಿಸಿ ಇಟ್ಟುಕೊಳ್ಳಿ, ಡ್ರಮ್ಮಿನ ಮೇಲೆ ಕೂಗಿ ಹಾಡಿದ ಗಂಟಲು 20ನೇ ತಾರೀಖಿಗೆ ಕೂತುಬಿಡುತ್ತದೆ, ಹಬ್ಬದ ರಾತ್ರಿ ಗಾಯನ ತಂಡದಲ್ಲಿ ದನಿಯೇ ಇರುವುದಿಲ್ಲ.

ಧ್ವನಿವರ್ಧಕದ ಕಾನೂನು ಗೊತ್ತಿರಲಿ. 2000ದ ಶಬ್ದ ಮಾಲಿನ್ಯ ನಿಯಮಗಳಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಇಲ್ಲ. ಹಬ್ಬಗಳಿಗಾಗಿ ರಾಜ್ಯ ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಧ್ಯರಾತ್ರಿವರೆಗೆ ಸಡಿಲಿಸಬಹುದು. ಆಸ್ಪತ್ರೆಯ ಸುತ್ತಲಿನ 100 ಮೀಟರನ್ನು ಸರ್ಕಾರ ಮೌನ ವಲಯ ಎಂದು ಘೋಷಿಸಬಹುದು. ಹೆಜ್ಜೆಗೊಂದು ಆಸ್ಪತ್ರೆ ಇರುವ ದಾವಣಗೆರೆಯಲ್ಲಿ ಇದು ಪೊಲೀಸರ ಭಯಕ್ಕೆ ಮಾತ್ರ ಪಾಲಿಸುವ ಮಾತಲ್ಲ, ಒಳಗೆ ಮಲಗಿದವರ ಮೇಲಿನ ಕರುಣೆಯ ಮಾತು. ಪಟಾಕಿಗೆ 2018ರಲ್ಲಿ ಸುಪ್ರೀಂ ಕೋರ್ಟ್ ಕ್ರಿಸ್‌ಮಸ್ ರಾತ್ರಿ ಕೊಟ್ಟ ಸಮಯ 11.55ರಿಂದ 12.30. ರಾತ್ರಿ ಹನ್ನೊಂದಕ್ಕೆ ಪೂಜೆ ಶುರುವಾದರೆ ಆ ಹೊತ್ತು ಬೀಳುವುದು ಪೂಜೆಯ ಅತಿ ಪವಿತ್ರ ಭಾಗದ ಮೇಲೆ. ದೇವಾಲಯದ ಆವರಣದಲ್ಲಿ ಪಟಾಕಿ ಬೇಡ ಎಂದು ಸಮಿತಿ ಒಂದು ಸಾಲು ಬರೆದುಕೊಳ್ಳಲಿ.

ಸಾಂಟಾನನ್ನು ಓಡಿಸಿ ಎಂದು ನಾವು ಹೇಳುತ್ತಿಲ್ಲ. ಅವನ ಹಿಂದಿರುವ ಸಂತ ನಿಕೋಲಾಸ್, ಈಗಿನ ಟರ್ಕಿಯಲ್ಲಿರುವ ಮೈರಾ ಎಂಬ ಊರಿನ ಬಿಷಪರು. ಅವರ ಹಬ್ಬ ಡಿಸೆಂಬರ್ 6, 2026ರಲ್ಲಿ ಅದು ಭಾನುವಾರವೇ. ಆ ದಿನವನ್ನು ಅವರಿಗೆ ಕೊಡಿ. ಕೆಂಪು ಟೋಪಿಯ ಬದಲು ಬಿಷಪರ ಕಿರೀಟ ಮತ್ತು ಕೋಲು ಹಿಡಿದ ನಿಕೋಲಾಸ್ ಬರಲಿ. ಚಾಕೊಲೇಟ್ ಕೊಟ್ಟ ಮೇಲೆ ಮಕ್ಕಳಿಂದ ಒಂದು ಕಾಣಿಕೆ ಕೇಳಲಿ: ಒಂದು ನೋಟ್‌ಬುಕ್, ಒಂದು ಸೇರು ಅಕ್ಕಿ, ಹೆಸರು ಬರೆಯದೆ ಇಟ್ಟು ಹೋಗುವ ಪೆಟ್ಟಿಗೆಗೆ. ಹೆಸರು ಹೇಳದೆ ಕೊಡುವುದೇ ಅವರ ಬಗ್ಗೆ ಉಳಿದ ನೆನಪು. 24 ಮತ್ತು 25ರಂದು ಸ್ಟೇಜಿನ ಮೇಲೆ ಅವರ ಅಗತ್ಯ ಇರುವುದಿಲ್ಲ.

ಹಬ್ಬದ ಪೂಜೆಯ ಬಗ್ಗೆ ಎರಡು ಮಾತು. ಕಥೋಲಿಕ ಕ್ರಮದಲ್ಲಿ ಕ್ರಿಸ್‌ಮಸ್ಸಿಗೆ ನಾಲ್ಕು ಬಲಿಪೂಜೆಗಳ ಪಾಠಗಳಿವೆ. ಹಿಂದಿನ ಸಂಜೆಗೆ ಮತ್ತಾಯನ ವಂಶಾವಳಿ, ರಾತ್ರಿಗೆ ಯೇಸುವಿನ ಜನನ, ಮುಂಜಾವಿಗೆ ಕುರಿಗಾಹಿಗಳು, ಹಗಲಿಗೆ ಆದಿಯಲ್ಲಿ ವಾಕ್ಯವಿತ್ತು ಎನ್ನುವ ಯೋಹಾನನ ಪಾಠ. ಜಗಳೂರು, ಹೊಳಲ್ಕೆರೆಯ ಹಳ್ಳಿಗಳಿಂದ ಬರುವವರಿಗೆ ನಡುರಾತ್ರಿ ಮರಳಲು ಬಸ್ಸಿಲ್ಲ. ಅವರಿಗಾಗಿ ಸಂಜೆಯ ಪೂಜೆ, ಅದಕ್ಕೂ ಗಾಯನ ತಂಡದ ಅರ್ಧ ಜನ. ಮುಂಜಾವಿನ ಪೂಜೆಯನ್ನು ನಿದ್ದೆಗಾಗಿ ಕೈಬಿಡಬೇಡಿ, ಕುರಿಗಾಹಿಗಳು ಬೇತ್ಲೆಹೇಮಿಗೆ ಹೋಗಿ ಮಗುವನ್ನು ಕಂಡ ಪಾಠ ಹಬ್ಬದ ದಿನ ಕೇಳಿಸುವುದು ಆಗ ಮಾತ್ರ. ಓದುವವರ ಹೆಸರು ಡಿಸೆಂಬರ್ 6ರೊಳಗೆ ಗೊತ್ತಾಗಲಿ, ಮೂರು ಸಲ ಮೈಕ್ ಮುಂದೆ ಓದಿಸಿ. ಔಗುಸ್ತ, ಕುರೇನ್ಯ ಎಂಬ ಹೆಸರುಗಳಲ್ಲಿ ನಾಲಿಗೆ ತಡವರಿಸುವುದು ತಯಾರಿ ಇಲ್ಲದಾಗ. ಸನ್ಮಾನ, ಶಾಲು, ಹಾರ, ದಾನಿಗಳ ಹೆಸರು, ರಾಜಕೀಯ ಮುಖಂಡರ ಶುಭಾಶಯ ಎಲ್ಲ ಆರಾಧನೆ ಮುಗಿದು ಕೊನೆಯ ಆಶೀರ್ವಾದ ಆದ ಮೇಲೆ, ಹೊರಗೆ ಅಂಗಳದಲ್ಲಿ. ಇದರಲ್ಲಿ ರಾಜಿ ಬೇಡ.

ಗುರುವಿನ ಮುಂದೆ ತಪ್ಪು ಹೇಳಿಕೊಳ್ಳುವ ಪಾಪನಿವೇದನೆಯ ಲೆಕ್ಕವನ್ನೂ ಮಾಡಿ ನೋಡಿ. ಒಬ್ಬರಿಗೆ ಐದು ನಿಮಿಷ ಎಂದರೆ ಗಂಟೆಗೆ ಹನ್ನೆರಡು ಜನ. 180 ಜನರಿಗೆ ಒಬ್ಬ ಗುರುವಿಗೆ 15 ಗಂಟೆ. ಎಲ್ಲರೂ 24ರ ಸಂಜೆಯೇ ಬಂದರೆ ಒಬ್ಬೊಬ್ಬರಿಗೆ ಒಂದೆರಡು ನಿಮಿಷ ಸಿಗುವುದೂ ಕಷ್ಟ. ಎರಡನೆಯ ವಾರದಿಂದಲೇ ಓಣಿವಾರು ದಿನ ಹಂಚಿ, ನೆರೆಯ ಧರ್ಮಕೇಂದ್ರದ ಗುರುಗಳನ್ನು ಒಂದು ದಿನ ಕರೆಸಿ. ಹಾಸಿಗೆ ಹಿಡಿದವರ ಪಟ್ಟಿ 10ನೇ ತಾರೀಖಿಗೆ ಸಿದ್ಧವಾಗಲಿ, 16ರಿಂದ 22ರೊಳಗೆ ಅವರ ಮನೆಗಳಿಗೆ ಪರಮಪ್ರಸಾದ ತಲುಪಲಿ. ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಮತ್ತಿತರ ಸಭೆಗಳಲ್ಲಿ ಕರ್ತನ ಭೋಜನಕ್ಕೂ ಇದೇ ಕ್ರಮ ನಡೆಯುತ್ತದೆ.

ಅಡುಗೆಮನೆಯನ್ನು ಮರೆತರೆ ಈ ಯೋಜನೆ ಯಾವುದೂ ನಿಲ್ಲುವುದಿಲ್ಲ. ನಾಲ್ಕನೆಯ ವಾರ, ಮರಿಯಳ ಕಥೆ ಓದಬೇಕಾದ ವಾರ, ನಮ್ಮ ತಾಯಂದಿರು ಬಾಣಲೆಯ ಮುಂದೆ ಇರುತ್ತಾರೆ. ಚಕ್ಕುಲಿ, ಕರ್ಜಿಕಾಯಿ, ಶಂಕರಪೋಳಿ 19ನೇ ತಾರೀಖಿಗೆ ಮುಗಿಯಲಿ. ಆರಿದ ಮೇಲೆ ಡಬ್ಬಿಗೆ ಹಾಕಿದರೆ ಹದಿನೈದು ದಿನ ಇರುತ್ತವೆ, ಬಿಸಿ ಇರುವಾಗ ಮುಚ್ಚಿದರೆ ಮೆತ್ತಗಾಗುತ್ತವೆ. ಕರ್ಜಿಕಾಯಿಗೆ ಒಣಕೊಬ್ಬರಿ, ಪುಟಾಣಿ, ಸಕ್ಕರೆ ಪುಡಿ ಮಾತ್ರ. ಹಸಿ ಕಾಯಿ ಹಾಕಿದರೆ ಮೂರು ದಿನಕ್ಕೆ ಹಳಸುತ್ತದೆ, ಆಗ ಕೊನೆಯ ದಿನಕ್ಕೇ ಮಾಡಬೇಕಾಗುತ್ತದೆ. ಕರಿಯುವ ಕೆಲಸಕ್ಕೆ ಗಂಡಸರೂ ಮಕ್ಕಳೂ ಕೂಡಲಿ. ಪಕ್ಕದ ಮನೆಗೆ ತಟ್ಟೆ ಕೊಡುವ ಮಗುವಿಗೆ, ಏನು ಹಬ್ಬ ಎಂದು ಕೇಳಿದರೆ ಹೇಳಲು ಮೂರು ಮಾತು ಕಲಿಸಿ: ಯೇಸುಸ್ವಾಮಿ ಹುಟ್ಟಿದ ಹಬ್ಬ, ದೇವರು ನಮ್ಮ ಮೇಲಿನ ಪ್ರೀತಿಗೆ ಮನುಷ್ಯರಾಗಿ ಬಂದರು, ಬಡವರ ಮಗುವಿನ ಹಾಗೆ ಗೋದಲಿಯಲ್ಲಿ ಮಲಗಿದರು. ಇಷ್ಟನ್ನು ಸಂಕೋಚವಿಲ್ಲದೆ ಹೇಳಬಲ್ಲ ಮಕ್ಕಳು ನಮ್ಮಲ್ಲಿ ಎಷ್ಟಿದ್ದಾರೆ ಎಂದು ಒಮ್ಮೆ ಕೇಳಿ ನೋಡಿ.

ದಾನದ ವಿಷಯದಲ್ಲಿ ನಮ್ಮ ಕೋರಿಕೆ ನೇರ. ಸಮಿತಿ ಎತ್ತಿದ ಪ್ರತಿ 100 ರೂಪಾಯಿಯಲ್ಲಿ ಮೊದಲ 25 ಬಡವರಿಗೆ. ಉಳಿದ ಕಡೆಯ 25 ಅಲ್ಲ. ಸ್ಟೇಜಿನ ಬಿಲ್ಲು ಕಟ್ಟಿದ ಮೇಲೆ ಉಳಿಯುವುದು ಏನೂ ಇರುವುದಿಲ್ಲ. ಎರಡು ಅಂಗಿ ಇದ್ದವನು ಇಲ್ಲದವನಿಗೆ ಒಂದು ಕೊಡಲಿ ಎಂದು ಯೋಹಾನ ಹೇಳಿದ್ದು ಲೂಕ 3ರಲ್ಲಿ, ಅದನ್ನು ಓದುವ ವಾರದಲ್ಲೇ ಹೊದಿಕೆ ಹಂಚಿ. ಚಳಿ ಆಗಲೇ ಇರುತ್ತದೆ, 25ರವರೆಗೆ ಕಾಯುವುದಿಲ್ಲ. ಮೆಕ್ಕೆಜೋಳದ ರಾಶಿ ಕಾಯುವವರು, ಮಂಡಿಯ ಹಮಾಲರು, ಬಸ್ ನಿಲ್ದಾಣದಲ್ಲಿ ಮಲಗುವವರು, ಯಾವ ಧರ್ಮದವರಾದರೂ. ಕೊಡುವಾಗ ಫೋಟೊ ಬೇಡ, ಬ್ಯಾನರ್ ಬೇಡ.

ಕೊನೆಯದಾಗಿ 26ನೇ ತಾರೀಖು. ಅಂದು ನಕ್ಷತ್ರ ಇಳಿಸುವ ಮನೆಗಳೇ ಹೆಚ್ಚು. ಹಬ್ಬ ಶುರುವಾದ ಮಾರನೆಯ ದಿನವೇ ಹಬ್ಬ ಮುಗಿಸಿದ ಹಾಗೆ. 26 ಸಂತ ಸ್ತೆಫಾನನ ದಿನ, 28 ಹೆರೋದನ ಕೈಗೆ ಸತ್ತ ಕಂದಮ್ಮಗಳ ದಿನ, ಮಕ್ಕಳನ್ನು ಕಳೆದುಕೊಂಡ ತಂದೆ ತಾಯಂದಿರನ್ನು ಕರೆದು ಪ್ರಾರ್ಥಿಸಲು ಇದಕ್ಕಿಂತ ಸರಿಯಾದ ದಿನ ಇಲ್ಲ. ಜನವರಿ 1 ಮಗುವಿಗೆ ಎಂಟನೆಯ ದಿನ ಯೇಸು ಎಂಬ ಹೆಸರಿಟ್ಟ ದಿನ, ಲೂಕ 2:21. ವರ್ಷದ ಕೊನೆಯ ರಾತ್ರಿಯ ಆರಾಧನೆಯಲ್ಲಿ ಆ ಒಂದೇ ವಚನ ಓದಿದರೂ ಹೊಸ ವರ್ಷ ಗೋದಲಿಗೆ ಅಂಟಿಕೊಂಡೇ ಬರುತ್ತದೆ. ಮೂರು ಸಂಜೆ ರೀತ್‌ನ ಬಿಳಿ ಬತ್ತಿ ಹಚ್ಚಿ ಸಿಮೆಯೋನನ ಹಾಡು, ವಿಧವೆ ಅನ್ನಳ ಕಥೆ ಓದಿ. ನಕ್ಷತ್ರ ಜನವರಿ 6ಕ್ಕೆ ಇಳಿಯಲಿ, ಜೋಯಿಸರ ಬೊಂಬೆಗಳು ತಲುಪಿದ ಮೇಲೆ.

ನಮ್ಮ ವಿನಂತಿ ಇಷ್ಟೆ. ಅಕ್ಟೋಬರ್ ಕೊನೆಯ ಭಾನುವಾರ ಸಮಿತಿಯನ್ನು ಕರೆಯಿರಿ. ಹಾಳೆಯ ಮೊದಲ ಭಾಗದಲ್ಲಿ ನಾಲ್ಕು ಭಾನುವಾರಗಳ ಪಾಠ, ಓದುವವರು, ಪಾಪನಿವೇದನೆಯ ದಿನಗಳು, ಹಾಸಿಗೆ ಹಿಡಿದವರ ಪಟ್ಟಿ, ಬಡವರ ಹಣ ಬರೆಯಿರಿ. ಅದರ ಕೆಳಗೆ ಕ್ಯಾರಲ್ಸ್, ನಾಟಕ, ಗೋದಲಿ. ಕೊನೆಗೆ ಶಾಮಿಯಾನ, ಸೌಂಡು, ಕೇಕು. ಆ ಹಾಳೆಯನ್ನು ನವೆಂಬರ್ ಮೊದಲ ವಾರ ದೇವಾಲಯದ ಬಾಗಿಲಿಗೆ ಅಂಟಿಸಿ, ಜನ ಓದಲಿ, ತಿದ್ದಲಿ.

ಇಂತಿ,
ದಾವಣಗೆರೆ ಮತ್ತು ಚಿತ್ರದುರ್ಗ ಸೀಮೆಯ ಸಂಡೇ ಸ್ಕೂಲ್ ಶಿಕ್ಷಕರು, ಗಾಯನ ತಂಡದವರು, ಗೋದಲಿ ಕಟ್ಟುವವರು